ಎರವಲು ಸಿಗದ ಹೆಬ್ಬೆರಳು

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಲೈಬ್ರರಿ ಗುಮಾಸ್ತರ ಮನೆಯ ಮುಂದೆ ಕಾರು ಇರಲಿಲ್ಲ.

ಕಳುವಾಗಿರಲಿಲ್ಲ. ಕಳುವಾಗಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು. ಪಕ್ಕದ ಬೇಕರಿಯವನು ಬ್ರೆಡ್ಡು ತುಂಬಿಕೊಂಡು ಹೋಗಿದ್ದ. ಆ ಕಾರಿನ ಇಗ್ನಿಷನ್ ಸ್ವಿಚ್ಚು ಸವೆದು ಸವೆದು ಬೊಚ್ಚುಬಾಯಿಯಂತಾಗಿತ್ತು. ಏನು ತುರುಕಿದರೂ ಬೇಡ ಅನ್ನುತ್ತಿರಲಿಲ್ಲ. ಬೇಕರಿಯವನು ಬೆಣ್ಣೆ ಸವರುವ ಚಾಕು ಹಾಕಿ ತಿರುಗಿಸುತ್ತಿದ್ದ. ಎದುರುಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಮ್ಮ ಬೀರುವಿನ ಕೀ ಹಾಕುತ್ತಿದ್ದರು. ಮೂಲೆಮನೆಯಲ್ಲಿ ಔಷಧಿ ಅಂಗಡಿಯವರ ಹೆಂಡತಿ ಇದ್ದರು, ಬೀದಿಗೆಲ್ಲ ‘ಅಕ್ಕ’. ಅವರಿಗೆ ಚಮಚದ ಹಿಡಿ ಸಾಕಾಗಿತ್ತು. ಕಾರಿನ ಬಾಗಿಲುಗಳ ಬೀಗ ಅದಕ್ಕೂ ಮೊದಲೇ ಕೈಕೊಟ್ಟಿತ್ತು.

ನಿಜ ಹೇಳಬೇಕೆಂದರೆ ತೊಂದರೆ ಸ್ವಿಚ್ಚಿನದಲ್ಲ, ಗುಮಾಸ್ತರ ನಾಲಿಗೆಯದು. ಎರವಲು ಕೊಡುವುದೇ ಅವರ ಉದ್ಯೋಗ. ಆದರೆ ಲೈಬ್ರರಿಯ ಪುಸ್ತಕಕ್ಕೆ ವಾಪಸು ಕೊಡುವ ತಾರೀಕು ಇರುತ್ತದೆ. ಕಾರಿಗೆ ಅದೂ ಇರಲಿಲ್ಲ. ‘ಆಗಲ್ಲ’ ಎಂದು ಹೇಳಲು ಬಾಯಿ ತೆರೆದರೆ ‘ಆಗಲಿ’ ಬಂದುಬಿಡುತ್ತಿತ್ತು. ಅದು ತಮ್ಮ ದಾಕ್ಷಿಣ್ಯ ಎಂದು ಅವರು ತಿಳಿದಿದ್ದರು. ಹೆಂಡತಿಗೆ ಅದಕ್ಕೆ ಬೇರೆ ಹೆಸರು ಗೊತ್ತಿತ್ತು.

ಅಂದು ಸಂಜೆ ಐದಕ್ಕೆ ಊರಿನ ಆ ತುದಿಯ ರೇಡಿಯೋ ಕೇಂದ್ರದಲ್ಲಿ ಹೆಂಡತಿಗೆ ಹಾಡುಗಾರಿಕೆಯ ಪರೀಕ್ಷೆ. ಹಿಂದಿನ ಸಲ ಇಂಥದೇ ಕರೆ ಬಂದಾಗ ಕಾರು ಮೇಷ್ಟ್ರ ಜೊತೆ ಹೋಗಿತ್ತು. ಆಕೆ ಎರಡು ಬಸ್ಸು ಬದಲಾಯಿಸಿ ತಲುಪುವಷ್ಟರಲ್ಲಿ ಪರೀಕ್ಷಕರು ಮನೆಗೆ ಹೋಗಿ ಊಟಕ್ಕೆ ಕೂತಿದ್ದರು. ಈ ಸಲವೂ ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತದೆ, ಮತ್ತೆ ಕರೆ ಬರುವುದಿಲ್ಲ.

“ಇವತ್ತೂ ಕಾರಿಲ್ಲ ಅಂದ್ರೆ ನಾನು ಹಾಡೋದನ್ನೇ ಬಿಟ್ಬಿಡ್ತೀನಿ ರೀ,” ಎಂದರು ಆಕೆ, ಬಟ್ಟೆಗೆ ಇಸ್ತ್ರಿ ಹಾಕುತ್ತಾ. ದನಿ ಏರಿಸಲಿಲ್ಲ. ಗುಮಾಸ್ತರು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಬ್ರೆಡ್ಡಿನ ವಾಸನೆ ಹೊತ್ತು ಕಾರು ಮನೆಗೆ ಬಂದ ಕೂಡಲೇ ಅವರು ಅದನ್ನು ಎಲೆಕ್ಟ್ರಿಷಿಯನ್ನನ ಶೆಡ್ಡಿಗೆ ಒಯ್ದರು. ಅವನು ಸ್ವಿಚ್ಚಿನೊಳಗೆ ಟಾರ್ಚು ಬಿಟ್ಟು ನೋಡಿ, ಆಮೇಲೆ ಗುಮಾಸ್ತರ ಮುಖ ನೋಡಿದ. ಹೊಸ ಸ್ವಿಚ್ಚು ಹಾಕಿಸಿದರೆ ಅವರಿಗೆ ಪ್ರಯೋಜನವಿಲ್ಲ ಎಂದ.

“ಹೊಸ ಸ್ವಿಚ್ಚಿಗೆ ಹೊಸ ಕೀ ಬರುತ್ತೆ. ಯಾರಾದ್ರೂ ಕೀ ಕೇಳಿದ್ರೆ ನೀವು ಕೊಡ್ತೀರಿ. ಬೆರಳು ಕೇಳಿದ್ರೆ ಕೊಡಕ್ಕಾಗುತ್ತಾ?”

ಸ್ವಿಚ್ಚಿದ್ದ ಜಾಗಕ್ಕೆ ಬೆರಳಿನ ಗುರುತು ಹಿಡಿಯುವ ಕಾವಲು ಯಂತ್ರ ಬಂತು. ಅಂಚೆಚೀಟಿಯಷ್ಟು ಗಾಜು. ಗುಮಾಸ್ತರ ಬಲಗೈ ಹೆಬ್ಬೆರಳು ಒತ್ತಿದರೆ ಎಂಜಿನ್ನು ಎದ್ದೇಳುತ್ತದೆ. ಬೇರೆ ಯಾರ ಬೆರಳು ತಗುಲಿದರೂ ಸೈರನ್ನು. ತಾವು ಇಷ್ಟು ವರ್ಷ ಹೇಳಲಾಗದ ಮಾತನ್ನು ಇನ್ನು ಮುಂದೆ ಯಂತ್ರ ಹೇಳುತ್ತದೆ ಎಂದು ಗುಮಾಸ್ತರು ಶಿಳ್ಳೆ ಹಾಕಿಕೊಂಡೇ ಮನೆಗೆ ಬಂದರು. ಹೆಂಡತಿಗೆ ಹೆಬ್ಬೆರಳು ಎತ್ತಿ ತೋರಿಸಿದರು. ಆಕೆ ಅದನ್ನು ನೋಡಿ, ಉಗುರು ಕತ್ತರಿಸಿಕೊಳ್ಳಿ ಎಂದರು.

ಮಧ್ಯಾಹ್ನ ಅವರು ಕೈ ತೊಳೆಯುತ್ತಿದ್ದಾಗ ಬೀದಿ ಬಿರಿಯುವಂತೆ ಸೈರನ್ನು ಕೂಗಿತು. ಹೊರಗೆ ಬಂದು ನೋಡಿದರೆ ಕಾರಿನೊಳಗೆ ಬೇಕರಿಯವನು. ಒಂದು ಕೈಯಲ್ಲಿ ಬೆಣ್ಣೆ ಚಾಕು, ಇನ್ನೊಂದು ಕೈ ಕಿವಿಯ ಮೇಲೆ. ತೂತು ಕಾಣದೆ ಗಾಜನ್ನು ಒತ್ತಿ ನೋಡಿದ್ದನಂತೆ. ಬೀದಿಯ ಅಷ್ಟೂ ಬಾಗಿಲುಗಳಲ್ಲಿ ತಲೆಗಳು. ಗುಮಾಸ್ತರು ಹೆಬ್ಬೆರಳು ಒತ್ತಿ ಸೈರನ್ನು ನಿಲ್ಲಿಸಿದರು.

“ನಾನು ಕಳ್ಳನಾ?” ಎಂದು ಅವನು ಮೆಲ್ಲಗೆ ಕೇಳಿದ. ಕಿರುಚಿದ್ದರೆ ಗುಮಾಸ್ತರು ತಡೆದುಕೊಳ್ಳುತ್ತಿದ್ದರು.

ಛೇ, ನಿಮಗಲ್ಲ, ಹೊರಗಿನ ಕಳ್ಳರಿಗೆ ಎಂದು ಅವರು ಸಮಾಧಾನ ಹೇಳುತ್ತಿರುವಾಗಲೇ ಮೇಷ್ಟ್ರು ಚೀಲ ಹಿಡಿದು ಬಂದರು. ಯಂತ್ರದ ವಿವರವನ್ನೆಲ್ಲ ಗಂಭೀರವಾಗಿ ಕೇಳಿ, ಇದರಲ್ಲಿ ಕಷ್ಟವೇನೂ ಇಲ್ಲ ಎಂದರು. ಗುಮಾಸ್ತರು ಸ್ಟಾರ್ಟ್ ಮಾಡಿ ಕೊಟ್ಟರೆ ಸಾಕು. ತಾವು ಮಾರುಕಟ್ಟೆಗೆ ಹೋಗಿ ಬರುವವರೆಗೆ ಎಂಜಿನ್ನು ಆರಿಸುವುದೇ ಇಲ್ಲ. ಗುಮಾಸ್ತರು ಬಾಯಿ ತೆರೆದರು. ‘ಆಗಲಿ’ ಬಂತು.

ಮೇಷ್ಟ್ರು ಮಾತಿಗೆ ತಪ್ಪುವವರಲ್ಲ, ಕ್ಲಚ್ಚಿಗೆ ತಪ್ಪುವವರು. ಮಾರುಕಟ್ಟೆಯ ನಟ್ಟನಡುವೆ ಕಾರು ಜಗ್ಗಿ ನಿಂತಿತು. ಅವರು ಯೋಚಿಸದೆ ಗಾಜಿನ ಮೇಲೆ ಬೆರಳಿಟ್ಟರು. ಫೋನಿನಲ್ಲಿ ಮೇಷ್ಟ್ರ ದನಿಗಿಂತ ಸೈರನ್ನೇ ಚೆನ್ನಾಗಿ ಕೇಳಿಸುತ್ತಿತ್ತು. ಬೇಕರಿಯವನ ಸ್ಕೂಟರಿನ ಹಿಂದೆ ಕೂತು ಗುಮಾಸ್ತರು ಧಾವಿಸಿದರು. ಸೇರಿದ್ದ ಜನ ಬಾಣಂತಿಯ ಮನೆಗೆ ಬಂದ ಡಾಕ್ಟರಿಗೆ ಬಿಡುವಂತೆ ದಾರಿ ಬಿಟ್ಟರು. ಹೆಬ್ಬೆರಳು ಒತ್ತಿದರು. ಸೈರನ್ನು ನಿಂತು ಎಂಜಿನ್ನು ಎದ್ದಿತು.

ಆಗ ಮೇಷ್ಟ್ರಿಗೆ ಜ್ಞಾನೋದಯವಾಯಿತು. ಅವರು ಸೀಟು ಬಿಟ್ಟು ಪಕ್ಕಕ್ಕೆ ಸರಿದರು. “ಇನ್ನು ಮೇಲೆ ನಾವು ಓಡಿಸೋ ತಾಪತ್ರಯವೇ ಇಲ್ಲ ನೋಡಿ ಲೈಬ್ರರಿಯವರೇ. ಬೆರಳು ಬಂದ್ರೆ ನೀವೂ ಬಂದ ಹಾಗೇ ಅಲ್ವಾ.”

ಮಾತು ಅವರಿಗಿಂತ ಮೊದಲೇ ಬೀದಿ ತಲುಪಿತು. ಮೇಷ್ಟ್ರ ಆಲೂಗಡ್ಡೆ ಇಳಿಸಿದ್ದಾಯಿತು. ಸ್ಕೂಟರಿನ ಋಣಕ್ಕೆ ಬೇಕರಿಯವನ ಬನ್ನು ಎರಡು ಅಂಗಡಿಗೆ ಮುಟ್ಟಿಸಿದ್ದಾಯಿತು. ಗುಮಾಸ್ತರು ಕಾರಿಗೆ ಬೀಗವನ್ನೇನೋ ಹಾಕಿಸಿದ್ದರು, ಜೊತೆಗೆ ಡ್ರೈವರನ್ನೂ ಕೊಟ್ಟಂತಾಗಿತ್ತು. ಮೂರು ಗಂಟೆಗೆ ಬೆವರು ಒರೆಸಿಕೊಂಡು ಮನೆ ಸೇರುವ ಹೊತ್ತಿಗೆ ಗೇಟಿನಲ್ಲಿ ಅಕ್ಕ ನಿಂತಿದ್ದರು.

ಅವರ ಪರಿಚಯದ ಹೆಂಗಸೊಬ್ಬರಿಗೆ ಐದಕ್ಕೆ ಊರಿನ ಆ ತುದಿಯಲ್ಲಿ ಬಹಳ ಮುಖ್ಯವಾದ ಕೆಲಸವಿದೆಯಂತೆ. ಹೋಗಲು ಗತಿಯಿಲ್ಲವಂತೆ.

“ಅವರ ಮನೆಯಲ್ಲಿ ಯಾರೂ ಇಲ್ವಾ ಅಕ್ಕ?”

“ಗಂಡ ಅಂತ ಒಬ್ಬ ಇದ್ದಾನಪ್ಪ. ಊರಿಗೆಲ್ಲ ಉಪಕಾರಿ. ಹೆಂಡತಿ ಕೆಲಸಕ್ಕೆ ಮಾತ್ರ ಒದಗಲ್ಲ.”

“ಅಂಥವರೂ ಇರ್ತಾರಲ್ಲ,” ಎಂದು ಗುಮಾಸ್ತರು ಮರುಗಿದರು. ಮರುಗಿ ಮುಗಿಸುವಷ್ಟರಲ್ಲಿ ಒಪ್ಪಿಕೊಂಡೂ ಆಗಿತ್ತು. ನಾಲ್ಕೂವರೆಗೆ ತಮ್ಮ ಮನೆ ಹತ್ತಿರ ಕಾರು ತರಬೇಕು ಎಂದು ಹೇಳಿ ಅಕ್ಕ ಹೊರಟುಹೋದರು. ಆಮೇಲೆ ಗುಮಾಸ್ತರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು.

ಒಬ್ಬರನ್ನು ಬೇಗ ಬಿಟ್ಟು ಬಂದು ಇನ್ನೊಬ್ಬರನ್ನು ಕರೆದೊಯ್ಯಬಹುದೇ ಎಂದು ಲೆಕ್ಕ ಹಾಕಿದರು. ಇಬ್ಬರಿಗೂ ಐದೇ ಗಂಟೆ. ಅಕ್ಕನ ಮನೆಯವರೆಗೆ ಹೋಗಿ, ಆಗಲ್ಲ ಎಂದು ಹೇಳುವುದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿ, ಗೇಟು ಮುಟ್ಟಿ ವಾಪಸು ಬಂದರು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೆಂಡತಿಯ ಬೆನ್ನಿಗೆ ಎಲ್ಲವನ್ನೂ ಒಪ್ಪಿಸಿದರು.

ಆಕೆ ತಿರುಗಲಿಲ್ಲ. “ಮಾತು ಕೊಟ್ಟಾಗಿದೆಯಲ್ಲ, ಹೋಗಿ. ಪಾಪ, ಆ ಹೆಂಗಸಿಗೆ ತಡ ಆಗ್ಬಾರ್ದು.”

ಬೈದಿದ್ದರೆ ಗುಮಾಸ್ತರಿಗೆ ಹಾಯೆನಿಸುತ್ತಿತ್ತು. ಮದುವೆಯಾದಾಗಿನಿಂದ ಇಷ್ಟು ಮೆತ್ತಗಿನ ಮಾತನ್ನು ಅವರು ಕೇಳಿರಲಿಲ್ಲ. ಒಳಗಿನ ಕೋಣೆಯಿಂದ ಆಕೆ ಸ್ವರ ಹಿಡಿದು ನೋಡುತ್ತಿರುವುದು ಕೇಳಿಸಿತು, ಆಮೇಲೆ ಅದೂ ನಿಂತಿತು. ಹಿತ್ತಲ ಬಾಗಿಲು ಹಾಕಿಕೊಂಡ ಸದ್ದಾಯಿತು. ಬಸ್ಸಿಗೆ ಹೊರಟಳು ಎಂದುಕೊಂಡು ಗುಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತರು.

ನಾಲ್ಕೂವರೆಗೆ ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸಿ ಹಾರನ್ನು ಒತ್ತಿದರು. ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕತ್ತಿಗೊಂದು ಶಾಲು ಸುತ್ತಿಕೊಂಡು ಅವರ ಹೆಂಡತಿಯೇ ಮೆಟ್ಟಿಲಿಳಿದು ಬಂದರು. ಮುಂದಿನ ಬಾಗಿಲ ಕಡೆ ನೋಡಲೂ ಇಲ್ಲ. ಹಿಂದಿನ ಸೀಟಿನಲ್ಲಿ ಕೂತರು. ಅಕ್ಕ ಬಾಗಿಲು ಹಾಕಿ ಕಿಟಕಿಯಲ್ಲಿ ಬಗ್ಗಿದರು.

“ಹುಷಾರಾಗಿ ಕರ್ಕೊಂಡ್ಹೋಗಪ್ಪ. ನಾನು ಹೇಳಿದ್ನಲ್ಲ, ಇವರೇ.”

ಎರಡು ಸಿಗ್ನಲ್ಲು ದಾಟುವವರೆಗೆ ಗುಮಾಸ್ತರು ಕನ್ನಡಿ ನೋಡುವ ಧೈರ್ಯ ಮಾಡಲಿಲ್ಲ. ಆಮೇಲೆ ನೋಡಿದರು.

“ನನ್ನನ್ನೇ ಕೇಳಬಹುದಿತ್ತಲ್ಲ?”

“ಹೋದ ವರ್ಷದಿಂದ ಕೇಳ್ತಾನೇ ಇದ್ದೆ. ನಾನು ಕೇಳಿದ್ರೆ ನೋಡೋಣ ಇರು ಅಂತೀರಿ. ಅಕ್ಕಪಕ್ಕದವರು ಕೇಳಿದ್ರೆ ಆಗಲಿ ಅಂತೀರಿ. ಅದಕ್ಕೇ ಅಕ್ಕನ ಮನೆಯಿಂದ ಬಂದೆ.” ಆಕೆ ಶಾಲು ಸರಿಮಾಡಿಕೊಂಡರು. “ಮುಂದೆ ಎಡಕ್ಕೆ ತಗೊಳ್ಳಿ.”

ಗುಮಾಸ್ತರು ಎಡಕ್ಕೆ ತೆಗೆದುಕೊಂಡರು. ಐದಕ್ಕೆ ಇನ್ನೂ ಹೊತ್ತಿರುವಾಗಲೇ ಕಾರು ರೇಡಿಯೋ ಕೇಂದ್ರದ ಗೇಟು ಮುಟ್ಟಿತು. ಆಕೆ ಚೆನ್ನಾಗಿ ಹಾಡಿದರು, ಆಯ್ಕೆಯೂ ಆದರು. ತಿಂಗಳಿಗೊಂದು ಭಾನುವಾರ ಹಾಡಿನ ಧ್ವನಿಮುದ್ರಣಕ್ಕೆ ಹೋಗಬೇಕು. ಅಷ್ಟೂ ಭಾನುವಾರಗಳಿಗೆ ಅಕ್ಕ ತಮ್ಮ ಹೆಸರಿನಲ್ಲಿ ಕಾರು ಹೇಳಿಟ್ಟಿದ್ದಾರೆ.

ಆಕೆಯ ಮೊದಲ ಹಾಡು ಪ್ರಸಾರವಾದದ್ದು ಒಂದು ಗುರುವಾರ ಸಂಜೆ. ಬೀದಿಯವರೆಲ್ಲ ಅದನ್ನು ಅಕ್ಕನ ಮನೆಯಲ್ಲಿ ಕೂತು ಕೇಳಿದರು. ಗುಮಾಸ್ತರು ಕೇಳಿದ್ದು ಹಲ್ಲಿನ ಡಾಕ್ಟರ ಶಾಪಿನ ಹೊರಗೆ, ಕಾರಿನ ರೇಡಿಯೋದಲ್ಲಿ. ಒಳಗೆ ಮೇಷ್ಟ್ರ ಹಲ್ಲು ಕೀಳುತ್ತಿದ್ದರು.