ಬುತ್ತಿ ಗಂಟು ಮತ್ತು ರೈಬೋಸೋಮು

ಗೊತ್ತಿಲ್ಲದ್ದನ್ನು ಗಟ್ಟಿ ದನಿಯಲ್ಲಿ ಹೇಳುವ ಅಭ್ಯಾಸ ನನ್ನ ಮಾನವನ್ನು ಎಷ್ಟೋ ಸಲ ಕಾಪಾಡಿದೆ. ಎಂಬತ್ತರ ದಶಕದ ಆರಂಭದಲ್ಲಿ, ಚನ್ನಗಿರಿಯಲ್ಲಿ ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಹೇಳುತ್ತಿದ್ದಾಗ ಮಾತ್ರ ಅದು ಕೈಕೊಟ್ಟಿತು. ನಾನು ಓದಿದ್ದು ಎಲೆ, ಬೇರು, ಹೂವು. ಹೊಸ ಪಠ್ಯದಲ್ಲಿ ಜೀವಕೋಶದೊಳಗಿನ ರೈಬೋಸೋಮು ಎಂಬ ಕಣ ಬಂದು ಕೂತಿತ್ತು. ಮೂರು ಮೂರು ಅಕ್ಷರದ ಸಂದೇಶ ಓದಿ, ಅದಕ್ಕೆ ಹೊಂದುವ ವಾಹಕ ತಂದ ಅಮೈನೋ ಆಮ್ಲವನ್ನೇ ಪೋಣಿಸಿ ಪ್ರೋಟೀನು ಕಟ್ಟುತ್ತದಂತೆ. "ಸಾರ್, ಕಣ್ಣಿಲ್ಲದ್ದು ತಪ್ಪು ಮಾಡ್ದಂಗೆ ಹೆಂಗೆ ಆರಿಸ್ತೈತೆ?" ಎಂದಳು ಮುಂದಿನ ಬೆಂಚಿನ ರತ್ನ. "ನಾಳೆ ಹೇಳ್ತೀನಿ, ಕೂತ್ಕೊ" ಎಂದೆ. ಹೊಸ ಪಾಠ ಮಾಡಲು ಆಗದಿದ್ದರೆ ನನ್ನನ್ನು ಹೈಸ್ಕೂಲಿಗೆ ಕಳಿಸುವುದಾಗಿ ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ತಲೆ ಕೆರೆದುಕೊಳ್ಳುತ್ತಲೇ ಬಸ್ ಸ್ಟ್ಯಾಂಡಿಗೆ ಹೋದೆ. ನ್ಯಾಮತಿಯಿಂದ ಅವ್ವ ಬಸ್ಸಿಗೆ ಕೊಟ್ಟು ಕಳಿಸುವ ಬುತ್ತಿ ಖಾದರ್ ಸಾಬರ ಬೀಡಾ ಅಂಗಡಿಗೆ ಬರುತ್ತಿತ್ತು. ಅವರು ಗಂಟಿನ ಮೇಲಿನ ಹೆಸರಿನ ಚೀಟಿ ಓದಿ ಕೊಡುತ್ತಾರೆ, ಆದರೆ ಗಂಟಿನಿಂದ ಕೈ ತೆಗೆಯುವುದಿಲ್ಲ. ಅದೇ ಚೀಟಿಯನ್ನು ಇನ್ನೊಮ್ಮೆ ಓದಿ ಆಮೇಲೆ ಬಿಡುತ್ತಾರೆ. ಅವತ್ತು ಗಡಿಬಿಡಿಯಲ್ಲಿ ನನ್ನ ಗಂಟು ಹೊನ್ನಾಳಿಯ ಗುಮಾಸ್ತರೊಬ್ಬರ ಕೈಗೆ ಹೋಗಿಯೇ ಬಿಡುವುದರಲ್ಲಿತ್ತು. "ಇರ್ರಿ ಇರ್ರಿ, ಇದು ನಿಮ್ದಲ್ಲ" ಎಂದು ಎರಡನೇ ಸಲ ಚೀಟಿ ಓದಿದ ಸಾಬರು ಹಿಂದಕ್ಕೆ ಎಳೆದುಕೊಂಡರು. ನನಗೆ ಪುಸ್ತಕದ ಪುಟ ತೆರೆದಂತಾಯಿತು! ರೈಬೋಸೋಮೂ ಎರಡು ಸಲ ನೋಡುತ್ತದೆ. ಸರಿಯಾಗಿ ಹೊಂದದ ವಾಹಕ ಪೋಣಿಸುವ ಮೊದಲೇ ಜಾರಿಹೋಗುತ್ತದೆ.

ತರಗತಿಯಲ್ಲಿ ಇದನ್ನೇ ಎದೆಯುಬ್ಬಿಸಿ ಹೇಳಿದೆ. ರತ್ನ ಮತ್ತೆ ಎದ್ದಳು. "ವಾಹಕ ಸರಿ ಐತೆ, ಅದು ಹೊತ್ತು ತಂದಿದ್ದೇ ತಪ್ಪಾಗಿದ್ರೆ, ಸಾರ್?"

"ಹಂಗೆಲ್ಲ ಆಗಾಕಿಲ್ಲ" ಎಂದೆ, ಗಟ್ಟಿ ದನಿಯಲ್ಲಿ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿ, ರೊಟ್ಟಿಗೆ ಚಟ್ನಿಪುಡಿ ಹಚ್ಚಿ ಬಾಯಿಗಿಟ್ಟೆ. ಕಹಿ! ನೀರು ಕುಡಿದೆ, ನೊರೆ ಬಂತು. ಅವ್ವ ಚಟ್ನಿಪುಡಿಯ ಡಬ್ಬಿಗೆ ಸೀಗೇಪುಡಿ ತುಂಬಿದ್ದಳು. ಪ್ರಿನ್ಸಿಪಾಲರು ಗಾಬರಿಯಿಂದ ನನ್ನ ಬೆನ್ನು ತಟ್ಟಿದರು.

ಸಂಜೆ ಸಾಬರ ಹತ್ತಿರ ಹೋಗಿ ಹೇಳಿಕೊಂಡೆ. "ಚೀಟಿ ನಿಮ್ದೇ ಅಲ್ವೇನ್ರಿ?" ಎಂದರು, ಎಲೆಗೆ ಸುಣ್ಣ ಹಚ್ಚುತ್ತ. "ಒಳಗೇನೈತೆ ಅಂತ ಕಟ್ಟಿದವ್ರು ನೋಡ್ಬೇಕು. ನಾನು ಬಿಚ್ಚಿ ನೋಡಾಕೆ ಆಗ್ತೈತಾ?"

ರತ್ನಳ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಹೊತ್ತು ತಂದದ್ದೇನೆಂದು ರೈಬೋಸೋಮು ನೋಡುವುದಿಲ್ಲ. ವಾಹಕಕ್ಕೆ ಅದನ್ನು ಕಟ್ಟುವ ಕಿಣ್ವವೇ ಬೇರೆ, ನೋಡಬೇಕಾದದ್ದೂ ಅದೇ. ಮರುದಿನ ಹೇಳಲೋ ಬೇಡವೋ ಎಂದು ತರಗತಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತೆ. ಕೆಲಸಕ್ಕೆ ಸೇರುವಾಗ ಪ್ರಿನ್ಸಿಪಾಲರು ನನ್ನ ಸರ್ಟಿಫಿಕೇಟನ್ನೂ ಎರಡೆರಡು ಸಲ ಓದಿಯೇ ತೆಗೆದುಕೊಂಡಿದ್ದರು. ಚೀಟಿ ಸರಿಯಾಗೇ ಇತ್ತು. ನನ್ನ ಡಬ್ಬಿ ಬಿಚ್ಚಿ ನೋಡಿದವಳು ರತ್ನ ಒಬ್ಬಳೇ.