ಮಾವನ ಸ್ಪೀಡು

ಮನೆಯಿಂದಾಚೆ ನಮ್ಮ ಅತ್ತೆ ತಮ್ಮ ಗಂಡನ ಮುಖವನ್ನು ಸರಿಯಾಗಿ ನೋಡಿಯೇ ಇಲ್ಲ ಎಂದರೆ ನೀವು ನಂಬುತ್ತೀರಾ? ಬೀದಿಗಿಳಿದ ಮೇಲೆ ಅವರಿಗೆ ಕಾಣಿಸಿದ್ದೆಲ್ಲ ನಮ್ಮ ಸೋದರಮಾವನ ಬೆನ್ನು ಮಾತ್ರ!

ಮಾವ ನಡೆಯುವುದಿಲ್ಲ, ನುಗ್ಗುತ್ತಾರೆ. ಮದುವೆಗೆ ಹೋದರೆ, ಅತ್ತೆ ಬಸ್ಸಿನಿಂದಿಳಿದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮಾವ ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲಿ ಪಾಯಸಕ್ಕೆ ಕಾಯುತ್ತಿರುತ್ತಾರೆ. "ಸ್ವಲ್ಪ ನಿಲ್ರೀ!" ಎಂದು ಅತ್ತೆ ಕೂಗಿದ್ದು ಇಡೀ ಬೀದಿಗೆ ಕೇಳಿಸುತ್ತಿತ್ತು, ಮಾವನೊಬ್ಬರನ್ನು ಬಿಟ್ಟು.

ಪೀಣ್ಯದಲ್ಲಿ ಅವರದೊಂದು ಕಬ್ಬಿಣ ಕಡೆಯುವ ಲೇತ್ ಶಾಪು. ಊಟಕ್ಕೆ ಕೂತರೆ ಮಷಿನ್ ನಿಲ್ಲುತ್ತದಲ್ಲ? ಹಾಗಾಗಿ ಮಧ್ಯಾಹ್ನಕ್ಕೆ ಬರೀ ಟೀ, ಅದರ ಜೊತೆಗೊಂದು ಬೆನ್ನುನೋವಿನ ಮಾತ್ರೆ. ಹೊಟ್ಟೆ ಉರಿಯಲ್ವಾ ಎಂದು ಕೇಳಿದರೆ, "ಓಡೋ ಮಷಿನ್ ಬಿಸಿ ಆಗ್ದೇ ಇರುತ್ತೇನೋ!" ಎನ್ನುತ್ತಿದ್ದರು.

ಒಂದು ದಿನ ನಾನು ಶಾಪಿಗೆ ಹೋಗಿದ್ದಾಗ ಮಷಿನ್ ಮುಂದೆಯೇ ಹೊಟ್ಟೆ ಹಿಡಿದು ಬಗ್ಗಿಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ನಾನು ಓಡಿಹೋಗಿ ಆಟೋ ತಂದರೆ, "ತಡಿಯೋ, ಜಾಬ್ ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ?" ಎಂದು ಲೇತಿಗೇ ಜೋತುಬಿದ್ದಿದ್ದಾರೆ, ಪುಣ್ಯಾತ್ಮ! ನಾನೇ ಸ್ವಿಚ್ ಆರಿಸಿ ಎಳೆದುಕೊಂಡು ಹೋದೆ. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ನುಂಗಿ ಆದ ಹುಣ್ಣು ಒಡೆದು ಜಠರ ತೂತಾಗಿದೆ, ತಡಮಾಡಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ತಕ್ಷಣ, ಸಣ್ಣ ತೂತುಗಳ ಮೂಲಕವೇ ಮಾಡುವ ಕೀಹೋಲ್ ಆಪರೇಷನ್ ಆಯಿತು. ಅಷ್ಟು ಹೊತ್ತೂ ಅತ್ತೆ ಥಿಯೇಟರಿನ ಬಾಗಿಲನ್ನೇ ನೋಡುತ್ತ ಕೂತಿದ್ದರು.

ಮರುದಿನ ನರ್ಸ್ ಬಂದು "ಏಳಿ ಸಾರ್, ನಡೀಬೇಕು" ಎಂದಾಗ ಅತ್ತೆ ಹೌಹಾರಿದರು.

"ಹೊಟ್ಟೆ ಆಪರೇಷನ್ ಆದೋರನ್ನ ಮಾರನೇ ದಿನಾನೇ ನಡೆಸ್ತಾರಾ? ನಮ್ಮ ಕಡೆ ತಿಂಗಳುಗಟ್ಟಲೆ ಮಲಗಿಸ್ತೀವಿ ಕಣಮ್ಮ!"

"ಮಲಗೇ ಇದ್ರೆ ಎದೇಲಿ ಕಫ ಕಟ್ಟುತ್ತೆ ಅಮ್ಮ. ಮೂಗಿನ ಟ್ಯೂಬ್ ತೆಗ್ದಿದೀವಿ, ಗುಟುಕು ಗುಟುಕಾಗಿ ನೀರು ಕೊಡಿ. ಬೇಗ ಎದ್ದು ಓಡಾಡಿದಷ್ಟೂ ಬೇಗ ಚೇತರಿಸ್ಕೋತಾರೆ."

ಮಾವನಿಗೆ ಪರಮಾನಂದ! "ನೋಡ್ದೇನೇ? ರಿಪೇರಿ ಆದ್ಮೇಲೆ ಟ್ರಯಲ್ ಓಡಿಸ್ಲೇಬೇಕು. ಇವ್ರಿಗೆ ಕೆಲಸ ಗೊತ್ತು!" ಎಂದು ಡ್ರಿಪ್ ಸ್ಟ್ಯಾಂಡ್ ಹಿಡಿದು ಎದ್ದೇಬಿಟ್ಟರು. ಅದರ ಚಕ್ರ ಕಿರ್ ಎಂದಿತು. "ಮೊದ್ಲು ಇದಕ್ಕೆ ಎಣ್ಣೆ ಬಿಡಿ."

"ಇಲ್ಲಿ ನೀವು ಪೇಷಂಟು ಸಾರ್, ಮೆಕ್ಯಾನಿಕ್ ಅಲ್ಲ! ಅಮ್ಮನ ಕೈ ಹಿಡ್ಕೊಳ್ದೆ ಒಂದು ಹೆಜ್ಜೆನೂ ಇಡಂಗಿಲ್ಲ."

ಎಲ್ಲರೆದುರು ಹೆಂಡತಿಯ ಕೈ ಹಿಡಿಯುವುದೇ? ಮಾವ ಆಪರೇಷನ್ನಿಗೂ ಇಷ್ಟು ಹೆದರಿರಲಿಲ್ಲ! ಕೊನೆಗೆ ಹಿಡಿದರು. ಕಾರಿಡಾರಿನಲ್ಲಿ ಅಭ್ಯಾಸಬಲದಿಂದ ನುಗ್ಗಲು ನೋಡಿ, "ಅಮ್ಮಾ!" ಎಂದು ನಿಂತರು. ಅತ್ತೆಗೆ ಅಳುವಿನ ಮಧ್ಯೆಯೂ ನಗು ಬಂತು.

ಗಾಯ ಮಾಯ್ದು ತಿಂಗಳುಗಳೇ ಆದವು. ಈಗ ಹೊತ್ತಿಗೆ ಸರಿಯಾಗಿ ಊಟ, ಆ ಮಾತ್ರೆ ಬಂದ್. ಲೇತ್ ಮುಂದೆ ಮತ್ತದೇ ಸ್ಪೀಡು. ಆದರೆ ಅತ್ತೆಯ ಜೊತೆ ತರಕಾರಿಗೆ ಹೊರಟರೆ ಮಾತ್ರ ಆಮೆ ನಡಿಗೆ! ಮೊನ್ನೆ ಹಾಗೆ ಹೊರಟಾಗ ಗೇಟಿನ ಹತ್ತಿರ ಕೇಳಿಯೇಬಿಟ್ಟೆ.

"ಏನ್ ಮಾವ, ಹೊಟ್ಟೆ ಇನ್ನೂ ನೋಯುತ್ತಾ?"

ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಂದೇನಿಲ್ವೋ. ಅವಳ ಮಂಡಿ ಸವೆದೋಗಿದೆ, ಕುಂಟ್ತಾಳೆ. ಆಸ್ಪತ್ರೇಲಿ ಕೈ ಹಿಡ್ಕೊಂಡು ನಡೆದಾಗ್ಲೇ ಕಣೋ ನಂಗೆ ಗೊತ್ತಾಗಿದ್ದು."

ಅವರ ಕಣ್ಣು ತುಂಬಿತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಹಳೇ ಅಭ್ಯಾಸದಂತೆ "ಸ್ವಲ್ಪ ನಿಲ್ರೀ!" ಎಂದು ಕೂಗಿದರು.

ಮಾವ ನಿಂತೇ ಇದ್ದರು, ಕೈ ಚಾಚಿಕೊಂಡು.