ಐಸಿಗೆ ಹೊದಿಸಿದ ಹುಲಿ ಕಂಬಳಿ

ವರ್ಷದ ಹತ್ತು ತಿಂಗಳು ಬೆವರು ಒರೆಸುವುದರಲ್ಲೇ ಕಳೆಯುವ ಊರಿನಲ್ಲಿ ‘ಶಾಖ ಹೊರಗೆ ಹೋಗದಂತೆ ತಡೆಯುವುದು ಹೇಗೆ’ ಅಂತ ಪಾಠ ಮಾಡುವವನಿಗೆ ಮರ್ಯಾದೆ ಉಳಿಯುವುದು ಕಷ್ಟ. ಕಟಪಾಡಿ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವ ನಾನು. ನನ್ನ ಮರ್ಯಾದೆ ಒಮ್ಮೆಲೇ ಹೋಗಲಿಲ್ಲ, ಕಂತಿನಲ್ಲಿ ಹೋಯಿತು.

ಹತ್ತಿ ಸುತ್ತಿದ ಚೆಂಬು

ಕೆಲಸದಲ್ಲಿದ್ದಾಗ ಒಮ್ಮೆ ತರಗತಿಯಲ್ಲಿ ಮೂರು ಸ್ಟೀಲ್ ಚೆಂಬಿಗೆ ಕುದಿಯುವ ನೀರು ಹೊಯ್ದು, ಒಂದಕ್ಕೆ ಹತ್ತಿ, ಒಂದಕ್ಕೆ ಹಳೇ ಪೇಪರು ಸುತ್ತಿ, ಮತ್ತೊಂದನ್ನು ಹಾಗೇ ಬಿಟ್ಟೆ. ಬಿಡುವಿನ ಬೆಲ್ ಆಯಿತು, ಎಲ್ಲರೂ ಹೊರಗೆ ಹೋಗಿ ಬಂದೆವು. ಥರ್ಮಾಮೀಟರ್ ಅದ್ದಿ ನೋಡಿದರೆ ಹತ್ತಿಯ ಚೆಂಬೇ ಎಲ್ಲಕ್ಕಿಂತ ತಣ್ಣಗೆ! ನಾನು ಥರ್ಮಾಮೀಟರ್ ಒರೆಸಿ ಮತ್ತೆ ಅದ್ದುತ್ತಿರುವಾಗ ಮುಂದಿನ ಬೆಂಚಿನ ಒಬ್ಬ ಎದ್ದು, “ಅದಕ್ಕೇ ಅಲ್ವಾ ಸರ್, ಸೆಕೆಗೆ ಹತ್ತಿ ಬಟ್ಟೆ ಹಾಕುವುದು?” ಅಂದ. ಇಡೀ ತರಗತಿ ಅದನ್ನೇ ಬರೆದುಕೊಂಡಿತು.

ಗುಟ್ಟು ಬಯಲಾದದ್ದು ಸಂಜೆ, ಅಟೆಂಡರನ ಬಾಯಿಯಿಂದ. ಹೆಡ್‌ಮಾಸ್ಟ್ರಿಗೆ ಗಂಟಲು ಕೆರೆತ, ಬಿಸಿನೀರು ಬೇಕಿತ್ತಂತೆ. “ಮೂರರ ನೀರಿಗೂ ಬೆರಳು ಅದ್ದಿ ನೋಡಿದೆ ಸರ್, ಹತ್ತಿ ಸುತ್ತಿದ್ದರಲ್ಲೇ ಒಳ್ಳೆ ಬಿಸಿ ಇತ್ತು. ಅದನ್ನು ಕೊಟ್ಟೆ. ಚೆಂಬು ಖಾಲಿ ಕಾಣಬಾರದು ಅಂತ ನಳ್ಳಿ ನೀರು ತುಂಬಿಸಿಟ್ಟೆ.”

ನನ್ನ ಪ್ರಯೋಗ ಸರಿ ಅಂತ ಕಂಡುಕೊಂಡವ ಅವನೊಬ್ಬನೇ. ಮರುದಿನ ಮಕ್ಕಳಿಗೆ ತಿದ್ದಿ ಹೇಳಬೇಕೆಂದಿದ್ದೆ. ಮರುದಿನ ಕ್ರೀಡಾಕೂಟ, ಅದರ ಮರುದಿನ ನನಗೆ ಮರೆವು.

ಕಂಬಳಿಗಾಗಿ ಎಸಿ

ಉಚ್ಚಿಲದಲ್ಲಿ ಮನೆ ಇರುವ ನಮ್ಮ ಭಾವ, ಅಂದರೆ ಹೆಂಡತಿಯ ಅಣ್ಣ, ಗಲ್ಫಿನಿಂದ ಬರುವಾಗ ಒಂದು ಕಂಬಳಿ ತಂದರು. ಮೇಲೆ ಹುಲಿಯ ಚಿತ್ರ, ಎತ್ತಲಿಕ್ಕೆ ಇಬ್ಬರು ಬೇಕು. ಹೊದ್ದರೆ ಹತ್ತು ನಿಮಿಷದಲ್ಲಿ ಮನುಷ್ಯ ಇಡ್ಲಿಯಾಗುತ್ತಾನೆ. ಹಾಗಂತ ಕಪಾಟಿನಲ್ಲಿ ಇಟ್ಟರೆ ನಾಲ್ಕು ಜನ ನೋಡುವುದು ಹೇಗೆ? ಎಸಿ ಹಾಕಿಸಿದರು. ಹದಿನೆಂಟಕ್ಕೆ ಇಟ್ಟು, ಕಂಬಳಿಯೊಳಗೆ ಮುದುಡಿಕೊಂಡು ಮಲಗುವುದು. ಎಸಿಯನ್ನು ಇಪ್ಪತ್ತಾರಕ್ಕೆ ಇಟ್ಟರೆ ಕಂಬಳಿಯೇ ಬೇಡ ಅಂದೆ.

“ಎಂತ ಮಾರಾಯ್ರೆ,” ಅಂದರು ಭಾವ, “ಮತ್ತೆ ಎಸಿ ಹಾಕಿಸಿದ್ದು ಎಂತಕ್ಕೆ?”

ಐಸಿಗೆ ಸೆಕೆ

ಭಾವನ ಮಗಳನ್ನು ನೋಡಲು ಹುಡುಗನ ಕಡೆಯವರು ಬರುವ ದಿನ. ಬೆಳಿಗ್ಗೆಯೇ ಎರಡು ದೊಡ್ಡ ಅಂಜಲ್ ಮೀನು ಬಂದಿತ್ತು. ಅಷ್ಟರಲ್ಲಿ ಫೋನು: ರಾಹುಕಾಲ ಕಳೆದು, ಊಟಕ್ಕೆ ಮೂರು ಗಂಟೆಗೆ ಬರುತ್ತೇವೆ. ಫ್ರಿಜ್ಜಿನಲ್ಲಿ ಪಾಯಸ, ಜಾಗ ಇಲ್ಲ. ಐಸ್ ತರಿಸಿ ಮೀನನ್ನು ಅದರಲ್ಲಿ ಹೂತು, ಹುಲಿ ಕಂಬಳಿ ಸುತ್ತಿಡಿ ಅಂದೆ ನಾನು.

ಅತ್ತೆ, ಅಂದರೆ ಭಾವನ ತಾಯಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಂಬಳಿ ಹೊದಿಸಿದರೆ ಐಸ್ ಕರಗದೆ ಇರುತ್ತದಾ ಅಂತ ಅವರ ಪ್ರಶ್ನೆ. ಕಂಬಳಿಗೆ ಸ್ವಂತ ಬಿಸಿ ಇಲ್ಲ, ಒಳಗಿನದ್ದು ಹೊರಗೆ, ಹೊರಗಿನದ್ದು ಒಳಗೆ ಹೋಗದಂತೆ ತಡೆಯುತ್ತದೆ ಅಷ್ಟೆ ಅಂದೆ. ಕರಗಿದರೆ ನಾನು ಮೇಷ್ಟ್ರೇ ಅಲ್ಲ ಅಂತಲೂ ಜಂಬ ಕೊಚ್ಚಿದೆ.

ಅಡುಗೆಗೆಂದು ಎರಡು ಗಂಟೆಗೆ ನೋಡಿದರೆ ಕಂಬಳಿ ಮೂಲೆಯಲ್ಲಿ, ಫ್ಯಾನು ಜೋರಾಗಿ ತಿರುಗುತ್ತಾ ಉಂಟು, ಐಸ್ ಪೂರಾ ನೀರು. ಮೀನನ್ನು ಬೆಕ್ಕು ಮೂಸಿ ನೋಡಿ ವಾಪಸು ಹೋಯಿತು.

“ಪಾಪ, ಐಸಿಗೆ ಸೆಕೆ ಆಗುತ್ತದೆ ಅಂತ ನೀವು ಆಚೆ ಹೋದ ಕೂಡಲೇ ಕಂಬಳಿ ತೆಗೆದು ಫ್ಯಾನ್ ಹಾಕಿದೆ,” ಅಂದರು ಅತ್ತೆ. “ಆದರೂ ಕರಗಿತು. ಮೊದಲು ಹೊದಿಸಿದ್ದೇ ತಪ್ಪು.”

ಬಂದವರಿಗೆ ಮೀನಿಲ್ಲ, ಮಟ್ಟುಗುಳ್ಳ ಬದನೆಯ ಸಾಂಬಾರು. ಪಂಕ್ತಿಯಲ್ಲಿ ಅತ್ತೆ ಐಸು-ಕಂಬಳಿಯ ಕಥೆ ಹೇಳಿಬಿಟ್ಟರು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಶಾಖದ ಪಾಠವನ್ನು ಮೊದಲಿನಿಂದ ಶುರು ಮಾಡಿದೆ. ಹುಡುಗ ವಿನಯದಿಂದ ತಲೆ ಎತ್ತಿದ. ಅಯ್ಯೋ ದೇವರೇ, ಅದೇ ಮುಂದಿನ ಬೆಂಚಿನವ!

“ಸರ್, ಕಂಬಳಿ ಅಲ್ಲ, ಹತ್ತಿ ಸುತ್ತಬೇಕಿತ್ತು. ಹತ್ತಿ ತಣ್ಣಗೆ ಮಾಡುತ್ತದೆ ಅಂತ ನೀವೇ ಪ್ರಯೋಗ ಮಾಡಿ ತೋರಿಸಿದ್ದಲ್ವಾ? ನಾನು ಇವತ್ತಿಗೂ ಮರೆತಿಲ್ಲ.”

ತಪ್ಪು ಅನ್ನಲು ಬಾಯಿ ತೆರೆದೆ. ಸಂಬಂಧ ಮುರಿದೀತು ಅಂತ ಹೆಂಡತಿ ತೊಡೆ ಚಿವುಟಿದಳು. “ಹೌದು ಮಗಾ, ಹತ್ತಿಯೇ ಸರಿ,” ಅಂದೆ.

ಹುಡುಗ ಬಹಳ ಬುದ್ಧಿವಂತ ಅಂತ ಅತ್ತೆ ಅಲ್ಲಿಯೇ ಒಪ್ಪಿಗೆ ಕೊಟ್ಟರು. ಆಮೇಲೆ ನನ್ನ ಎಲೆಗೆ ಇನ್ನೊಂದು ಸೌಟು ಗುಳ್ಳ ಬಡಿಸುತ್ತಾ ಹೇಳಿದರು: “ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ತಿನ್ನಿ.”